ನೂರು ಮೀಟರಿನ ಆಚೆ: ಶೆರೆಯಂಗಡಿ, ಆಟದ ಥೇಟರು ಮತ್ತು ಊರಿನ ಮಾತು



ಈ ಉಪನ್ಯಾಸದ ದತ್ತಿ ಇಟ್ಟ ಹಿರಿಯರು ವರ್ಷಕ್ಕೊಮ್ಮೆ ಊರಿನ ಆಡಳಿತದ ಬಗ್ಗೆ ಒಂದು ಮಾತು ನಡೆಯಲಿ ಎಂದು ಬರೆದಿಟ್ಟಿದ್ದಾರೆ. ಕುಡಿಯುವ ನೀರು, ಒಳಚರಂಡಿ, ಕಸ ವಿಲೇವಾರಿ ಇಂಥವುಗಳ ಮೇಲೆ ಮಾತನಾಡಬಹುದಿತ್ತು. ನಾನು ಆರಿಸಿಕೊಂಡದ್ದು ಶೆರೆಯಂಗಡಿಯ ಪರವಾನಗಿ. ಕಾರಣ ಇಷ್ಟೇ. ಈ ಹಾವೇರಿ ಜಿಲ್ಲೆಯ ನ್ಯಾಯಾಲಯಗಳಲ್ಲಿ ವಕೀಲಿಕೆ ಮಾಡಿದ ನನ್ನ ಇಷ್ಟು ವರ್ಷಗಳಲ್ಲಿ, ಹೆಣ್ಣುಮಕ್ಕಳು ಗುಂಪಾಗಿ ನನ್ನ ಕಚೇರಿ ಮೆಟ್ಟಿಲು ಹತ್ತಿದ್ದು ಹೆಚ್ಚಾಗಿ ಒಂದೇ ವಿಷಯಕ್ಕೆ: “ನಮ್ಮ ಓಣ್ಯಾಗ ಬಾರ್ ಬರಾಕ ಹತ್ತೇತ್ರಿ, ಏನಾರ ಮಾಡ್ರಿ.” ಮತ್ತು ನಾನು ಹೆಚ್ಚಾಗಿ ಸೋತದ್ದೂ ಅದೇ ವಿಷಯದಲ್ಲಿ.

ಒಂದು ಮಧ್ಯಾಹ್ನ ಕಣ್ಣಿಗೆ ಕಟ್ಟಿದಂತಿದೆ. ಊರಿನ ಹೆಸರು ಬೇಡ. ಶಾಲೆಯ ಗೇಟಿನಿಂದ ಹೊಸ ಅಂಗಡಿಯ ಬಾಗಿಲವರೆಗೆ ಟೇಪು ಹಿಡಿದು ಅಳೆಯುತ್ತಿದ್ದರು. ರಸ್ತೆಯ ತಿರುವು, ಗಟಾರದ ಮೇಲಿನ ಕಲ್ಲು, ಎಲ್ಲವನ್ನೂ ಸುತ್ತಿಕೊಂಡು ಟೇಪು ಹೋಯಿತು. ಕೊನೆಗೆ ನೂರು ಮೀಟರು ದಾಟಿ ಮೇಲೊಂದಿಷ್ಟು ಬಂತು. ಅಳೆಯಲು ಬಂದವರು ಮೃದುವಾಗಿಯೇ ಹೇಳಿದರು: “ಅಳತಿ ಸರಿ ಐತಿ ಅವ್ವಾ, ನಿಯಮದ ಪ್ರಕಾರ ತೊಂದ್ರಿ ಏನಿಲ್ಲ.” ಅಲ್ಲಿ ನಿಂತಿದ್ದ ವಯಸ್ಸಾದ ಹೆಣ್ಣುಮಗಳು ಕೇಳಿದಳು: “ಹಾದಿ ಅಳದ್ರಿ, ಖರೆ. ನಮ್ಮನ್ನ ಯಾರು ಕೇಳ್ಯಾರ?”

ಇವತ್ತಿನ ನನ್ನ ಉಪನ್ಯಾಸವೆಲ್ಲ ಆ ತಾಯಿಯ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಆ ಟೇಪಿನ ವಿಚಾರ. ಕರ್ನಾಟಕ ಅಬಕಾರಿ ಕಾಯ್ದೆ 1965ರದು. ಅದರ ಕೆಳಗೆ 1967ರಲ್ಲಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳು ಬಂದವು, 1968ರಲ್ಲಿ ಭಾರತೀಯ ಮತ್ತು ವಿದೇಶಿ ಮದ್ಯ ಮಾರಾಟದ ನಿಯಮಗಳು ಬಂದವು. ಅಬಕಾರಿ ಇಲಾಖೆ ಪರವಾನಗಿಗೆ ಇಂದಿಗೂ ‘ಸನ್ನದು’ ಎನ್ನುತ್ತದೆ. 1967ರ ನಿಯಮಗಳಲ್ಲಿ ಐದನೆಯದು ಜಾಗದ ಬಗ್ಗೆ. ಶಾಲೆ, ದೇವಸ್ಥಾನ, ಮಸೀದಿ, ಆಸ್ಪತ್ರೆ, ಸರ್ಕಾರಿ ಕಚೇರಿ, ಸ್ಥಳೀಯ ಸಂಸ್ಥೆಯ ಕಚೇರಿ, ಇವುಗಳಿಂದ ನೂರು ಮೀಟರಿನೊಳಗೆ ಅಂಗಡಿ ಇರಕೂಡದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರೇ ಹೆಚ್ಚಾಗಿ ವಾಸಿಸುವ ಕೇರಿಯಲ್ಲೂ ಕೂಡದು. ಅಳತೆಯನ್ನು ಆಕಾಶದಲ್ಲಿ ಹಗ್ಗ ಎಳೆದಂತೆ ನೇರವಾಗಿ ತೆಗೆಯುವುದಿಲ್ಲ. ಅಂಗಡಿಯ ಬಾಗಿಲ ನಡುವಿನಿಂದ ಹಿಡಿದು, ಕಾಲ್ನಡಿಗೆಯ ಮನುಷ್ಯ ಸಾಮಾನ್ಯವಾಗಿ ಹೋಗುವ ಹತ್ತಿರದ ಹಾದಿಯಲ್ಲಿ, ಆ ಸಂಸ್ಥೆಯ ಗೇಟಿನ ನಡುವಿನವರೆಗೆ ಅಳೆಯಬೇಕು.

ಹೀಗಾಗಿ ಬಾಗಿಲು ಯಾವ ಕಡೆ ಇದೆ ಎಂಬುದರ ಮೇಲೆ ಊರಿನ ಹಣೆಬರಹ ನಿಂತಿದೆ. ಮುಂದಿನ ಬಾಗಿಲು ಮುಚ್ಚಿ ಪಕ್ಕದ ಸಂದಿಯಲ್ಲಿ ಬಾಗಿಲು ತೆರೆದರೆ ಎಂಬತ್ತು ಮೀಟರು ನೂರಹತ್ತಾಗುತ್ತದೆ. ಕಾನೂನು ಮುರಿದಿಲ್ಲ, ಹಾದಿ ಉದ್ದವಾಗಿದೆ. ಸಂಜೆ ಆರಕ್ಕೆ ಟ್ಯೂಷನ್ ಮುಗಿಸಿ ಬರುವ ಹುಡುಗಿ ಮಾತ್ರ ಅದೇ ಸಂದಿಯಲ್ಲೇ ಬರುತ್ತಾಳೆ. ಅವಳು ನಡೆಯುವ ಹಾದಿಯನ್ನು ಟೇಪು ಅಳೆಯುತ್ತದೆ. ಆ ಹಾದಿಯಲ್ಲಿ ಅವಳ ಎದೆ ಎಷ್ಟು ಡವಗುಟ್ಟುತ್ತದೆ ಎಂಬುದನ್ನು ಅಳೆಯುವ ಉಪಕರಣ ಅಬಕಾರಿ ಇಲಾಖೆಯಲ್ಲಿಲ್ಲ.

ಇನ್ನು ಸನ್ನದು ಕೊಡುವವರು ಯಾರು? ನಗರಸಭೆಯಲ್ಲ, ಪುರಸಭೆಯಲ್ಲ, ಗ್ರಾಮ ಪಂಚಾಯಿತಿಯಂತೂ ಅಲ್ಲ. ಅರ್ಜಿ ಅಬಕಾರಿ ಇಲಾಖೆಗೆ ಹೋಗುತ್ತದೆ. ವಲಯದ ಇನ್ಸ್‌ಪೆಕ್ಟರು ಜಾಗ ನೋಡಿ, ಚೆಕ್ಕುಬಂದಿ ಬರೆದು, ನಕಾಶೆ ಹಚ್ಚಿ ವರದಿ ಕಳಿಸುತ್ತಾರೆ. ಅದು ಜಿಲ್ಲೆಯ ಅಬಕಾರಿ ಉಪ ಆಯುಕ್ತರು ಮತ್ತು ಜಿಲ್ಲಾಧಿಕಾರಿಗಳ ಹಂತ ದಾಟಿ, ಬೇಕಾದಲ್ಲಿ ಬೆಂಗಳೂರಿನ ಅಬಕಾರಿ ಆಯುಕ್ತರವರೆಗೆ ಹೋಗುತ್ತದೆ. ಸಿಎಲ್-2 ಎಂದರೆ ಬಾಟಲಿ ಕೊಂಡು ಮನೆಗೆ ಒಯ್ಯುವ ವೈನ್‌ಶಾಪು. ಸಿಎಲ್-9 ಎಂದರೆ ಕೂತು ಕುಡಿಯುವ ಬಾರು. ಸಿಎಲ್-7 ವಸತಿಗೃಹದ ಬಾರು, ಸಿಎಲ್-4 ಕ್ಲಬ್ಬಿನದು. ಎಂಎಸ್‌ಐಎಲ್ ಮಳಿಗೆಗಳಿಗೆ ಸಿಎಲ್-11ಸಿ. ನಗರಸಭೆಯ ಕೈಗೆ ಬರುವುದು ಕಟ್ಟಡದ ಪರವಾನಗಿ ಮತ್ತು ಉದ್ದಿಮೆ ಪರವಾನಗಿ. ಕಿರಾಣಿ ಅಂಗಡಿಗೆ ಕೊಡುವಂಥದ್ದೇ ಕಾಗದ, ಅಂಥದ್ದೇ ರಸೀದಿ. ಬಾರು ಬೇಕೋ ಬೇಡವೋ ಎಂಬ ಪ್ರಶ್ನೆ ಸಾಮಾನ್ಯ ಸಭೆಯ ಅಜೆಂಡಾದಲ್ಲಿ ಬರಲೇಬೇಕೆಂಬ ಕಟ್ಟಳೆಯಿಲ್ಲ.

ಇದು ಆಕಸ್ಮಿಕವಲ್ಲ, ಸಂವಿಧಾನದ ರಚನೆಯಲ್ಲೇ ಇದೆ. ಮಾದಕ ಪಾನೀಯ ರಾಜ್ಯಪಟ್ಟಿಯ ಎಂಟನೆಯ ವಿಷಯ. 1992ರಲ್ಲಿ 73 ಮತ್ತು 74ನೆಯ ತಿದ್ದುಪಡಿ ತಂದಾಗ ಪಂಚಾಯಿತಿಗಳಿಗೆ 29 ವಿಷಯ, ನಗರಾಡಳಿತಕ್ಕೆ 18 ವಿಷಯಗಳ ಪಟ್ಟಿ ಕೊಟ್ಟರು. ಕಸಾಯಿಖಾನೆಯ ನಿಯಂತ್ರಣ ಆ ಪಟ್ಟಿಯಲ್ಲಿದೆ, ಸ್ಮಶಾನವಿದೆ, ಬೀದಿದೀಪವಿದೆ, ಉದ್ಯಾನವಿದೆ. ಶೆರೆಯಂಗಡಿ ಇಲ್ಲ. ಕುರಿ ಎಲ್ಲಿ ಕಡಿಯಬೇಕು, ಹೆಣ ಎಲ್ಲಿ ಹೂಳಬೇಕು ಎಂದು ತೀರ್ಮಾನಿಸುವ ಸಭೆಗೆ, ಬಾರು ಎಲ್ಲಿ ತೆರೆಯಬೇಕು ಎಂದು ಹೇಳುವ ಅಧಿಕಾರ ಬರಲಿಲ್ಲ. ಬುಡಕಟ್ಟು ಪ್ರದೇಶಗಳಿಗಾಗಿ 1996ರಲ್ಲಿ ಬಂದ ಪೆಸಾ ಕಾಯ್ದೆ ಗ್ರಾಮಸಭೆಗೆ ಮದ್ಯದ ಮೇಲೆ ಹಿಡಿತ ಕೊಡುತ್ತದೆ. ಆದರೆ ಅದು ಐದನೆಯ ಅನುಸೂಚಿಯ ಪ್ರದೇಶಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂಥ ಪ್ರದೇಶವೇ ಇಲ್ಲ.

ಕುಡಿಸುವ ವ್ಯಾಪಾರ ಯಾರ ಹಕ್ಕೂ ಅಲ್ಲ ಎಂಬುದನ್ನು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ, ಅದೂ ನಮ್ಮದೇ ರಾಜ್ಯದ ಪ್ರಕರಣದಲ್ಲಿ: ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ವ್ಯಾಜ್ಯ. ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ, ಸರ್ಕಾರ ಅದನ್ನು ಪೂರ್ತಿ ನಿಷೇಧಿಸಬಹುದು, ತಾನೇ ನಡೆಸಬಹುದು, ಷರತ್ತು ಹಾಕಿ ಬೇರೆಯವರಿಗೆ ಬಿಡಬಹುದು ಎಂಬುದು ಅದರ ಸಾರ. ಸಂವಿಧಾನದ 47ನೆಯ ವಿಧಿಯಂತೂ ಪಾನನಿಷೇಧದ ಕಡೆಗೆ ಸಾಗಲು ಸರ್ಕಾರ ಯತ್ನಿಸಬೇಕೆಂದು ಹೇಳಿದೆ. ಹಾಗಾದರೆ ವ್ಯಾಪಾರಿಗೆ ಹಕ್ಕಿಲ್ಲ, ಊರಿಗೆ ಅಧಿಕಾರವಿಲ್ಲ. ಉಳಿದದ್ದೆಲ್ಲ ಸರ್ಕಾರದ ಕೈಯಲ್ಲಿ.

ಆ ಸರ್ಕಾರದ ಕೈ ಇಂದು ಎಷ್ಟು ಉದ್ದ ಚಾಚಿದೆ ನೋಡಿ. 2003ರಲ್ಲಿ ಕರ್ನಾಟಕ ರಾಜ್ಯ ಪಾನೀಯ ನಿಗಮ ಹುಟ್ಟಿತು. ಅಲ್ಲಿಂದ ಸಗಟು ವ್ಯಾಪಾರ ಸರ್ಕಾರದ್ದೇ ಆಯಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದು ದೊಡ್ಡ ಹೆಜ್ಜೆ. ಪಾಕೀಟು ಸಾರಾಯಿ ಎಷ್ಟು ಮನೆಗಳ ಒಲೆ ಆರಿಸಿತ್ತು ಎಂದು ನಮ್ಮ ತಾಯಂದಿರಿಗೆ ಗೊತ್ತು. ಆದರೆ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, ಅದನ್ನು ಮಾರಲು ಎಂಎಸ್‌ಐಎಲ್ ಮಳಿಗೆಗಳು ಬಂದವು. ಎಂಎಸ್‌ಐಎಲ್ ಕೂಡ ಸರ್ಕಾರದ್ದೇ ಸಂಸ್ಥೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂಬ ಗುರಿ ಇಟ್ಟರು. ಸನ್ನದು ಕೊಡುವವರು ಅವರೇ, ಸಗಟು ಮಾರುವವರು ಅವರೇ, ಒಂದು ಪಾಲು ಚಿಲ್ಲರೆ ಮಾರುವವರೂ ಅವರೇ, ತಕರಾರು ಅರ್ಜಿ ಕೇಳುವವರೂ ಅವರೇ. ಒಳ್ಳೆಯ ಅಧಿಕಾರಿಗಳನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಆದರೆ ಗುರಿ ಮುಟ್ಟಬೇಕಾದ ಇಲಾಖೆಯ ಮುಂದೆಯೇ ಆ ಗುರಿಗೆ ಅಡ್ಡಬರುವ ತಕರಾರನ್ನು ಇಟ್ಟರೆ, ಎಂಥ ಒಳ್ಳೆಯ ಅಧಿಕಾರಿಗೂ ಕೈ ಕಟ್ಟಿದಂತಾಗುತ್ತದೆ.

ಇದೇ ನೆಲದ ಹಳೆಯ ಕಥೆ ಬೇರೆಯಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ನಾವು ಧಾರವಾಡ ಜಿಲ್ಲೆ, 1956ಕ್ಕೆ ಮೊದಲು ಮುಂಬೈ ರಾಜ್ಯ. ಮುಂಬೈ ರಾಜ್ಯದಲ್ಲಿ 1949ರ ಪಾನನಿಷೇಧ ಕಾಯ್ದೆಯಡಿ 1950ರಿಂದ ಪೂರ್ತಿ ಪಾನನಿಷೇಧವಿತ್ತು. ಏಕೀಕರಣದ ನಂತರವೂ ಈ ಭಾಗದಲ್ಲಿ ಅದು ಮುಂದುವರಿದು 1967ರಲ್ಲಿ ತೆರವಾಯಿತು. ಆಗ ಮುಖ್ಯಮಂತ್ರಿ ಆಗಿದ್ದವರು ಎಸ್. ನಿಜಲಿಂಗಪ್ಪನವರು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹದ ಮುಂಚೂಣಿಯಲ್ಲಿ ನಿಂತು ಸೆರೆಮನೆಗೆ ಹೋದವರೂ ಅವರೇ. ಅವರನ್ನು ದೂರುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ನಿಷೇಧದ ಕಾಲದಲ್ಲಿ ಹಳ್ಳದ ದಂಡೆಯಲ್ಲಿ ಕಳ್ಳಭಟ್ಟಿ ಕಾಯುತ್ತಿದ್ದ ಕಥೆಗಳನ್ನು ನಮ್ಮ ಹಿರಿಯರು ಹೇಳಿದ್ದಾರೆ. ನಿಷೇಧವನ್ನು ಮೇಲಿನಿಂದ ಹೇರಿದರು, ಮೇಲಿನಿಂದಲೇ ತೆಗೆದರು. ಎರಡೂ ಸಲ ಊರನ್ನು ಕೇಳಲಿಲ್ಲ ಎಂಬುದೇ ನನ್ನ ಕೊರಗು.

ಊರನ್ನು ಕೇಳುವ ಪಾಠ ಹೇಳಿಕೊಟ್ಟದ್ದು ಸ್ವಾತಂತ್ರ್ಯ ಹೋರಾಟ. 1931ರ ಗಾಂಧಿ-ಇರ್ವಿನ್ ಒಪ್ಪಂದದಲ್ಲಿ ಶಾಂತಿಯುತ ಪಿಕೆಟಿಂಗಿಗೆ ಅವಕಾಶ ಪಡೆದದ್ದು ಸಣ್ಣ ಗೆಲುವಲ್ಲ. ಹೆಂಡದಂಗಡಿಯ ಮುಂದೆ ನಿಂತು, ಒಳಗೆ ಹೋಗುವವನಿಗೆ ಕೈಮುಗಿದು ಬೇಡ ಎನ್ನುವ ಹಕ್ಕು ಅದು. ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ನಡೆದ ಮೈಲಾರ ಮಹಾದೇವಪ್ಪನವರು ನಮ್ಮ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು. ಅವರ ಪತ್ನಿ ಸಿದ್ದಮ್ಮನವರೂ ಸಾಬರಮತಿ ಆಶ್ರಮದಲ್ಲಿದ್ದವರು. ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದರು. ಅದೇ ಹೊಸರಿತ್ತಿಯಲ್ಲಿ ಗುದ್ಲೆಪ್ಪ ಹಳ್ಳಿಕೇರಿಯವರು ಗಾಂಧಿ ಗ್ರಾಮೀಣ ಗುರುಕುಲ ಕಟ್ಟಿದರು. ಇಂಥ ನೆಲದಲ್ಲಿ ಇವತ್ತು ಅಂಗಡಿಯ ಮುಂದೆ ಕೂತು ಬೇಡ ಎಂದ ಹೆಣ್ಣುಮಕ್ಕಳನ್ನು ಪೊಲೀಸ್ ವ್ಯಾನಿಗೆ ಹತ್ತಿಸುವುದನ್ನು ಕಂಡಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೋಟೆಬೆನ್ನೂರು ಹೆದ್ದಾರಿಯ ಮೇಲಿದೆ. ರಾಣೇಬೆನ್ನೂರು, ಹಾವೇರಿ ಕೂಡ ಹೆದ್ದಾರಿಯ ಊರುಗಳೇ. ಹಿಂದೆ ನಾವು ಪುಣೆ-ಬೆಂಗಳೂರು ರಸ್ತೆ, ಎನ್.ಎಚ್. 4 ಎನ್ನುತ್ತಿದ್ದೆವು, ಈಗ ಅದು 48. ಆದ್ದರಿಂದ 2016ರ ಡಿಸೆಂಬರ್ 15ರ ಸುಪ್ರೀಂ ಕೋರ್ಟ್ ತೀರ್ಪು ನಮ್ಮ ಜಿಲ್ಲೆಗೆ ನೇರವಾಗಿ ತಾಗಿತು. ತಮಿಳುನಾಡಿನ ಬಾಲು ಪ್ರಕರಣದಲ್ಲಿ ನ್ಯಾಯಾಲಯ ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದಂಗಡಿ ಬೇಡ ಎಂದಿತು. 2017ರ ಮಾರ್ಚ್ 31ರಂದು, 20 ಸಾವಿರ ಅಥವಾ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ ಆ ದೂರವನ್ನು 220 ಮೀಟರಿಗೆ ಇಳಿಸಿತು. ಕರ್ನಾಟಕದಲ್ಲಿ ಅಬಕಾರಿ ವರ್ಷ ಮುಗಿಯುವುದು ಜೂನ್ 30ಕ್ಕೆ. ಆ ವರ್ಷ ಜುಲೈ 1ರ ಬೆಳಿಗ್ಗೆ ಹೆದ್ದಾರಿ ಬದಿಯ ಅನೇಕ ಬಾರುಗಳ ಶೆಟರು ಏಳಲಿಲ್ಲ. ಅದೇ ಜುಲೈನಲ್ಲಿ ನ್ಯಾಯಾಲಯ, ಈ ಆದೇಶ ನಗರ ವ್ಯಾಪ್ತಿಯ ಅಂಗಡಿಗಳಿಗೆ ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು. 2018ರ ಫೆಬ್ರುವರಿಯಲ್ಲಿ ಪಂಚಾಯಿತಿ ವ್ಯಾಪ್ತಿಯ ಬಗ್ಗೆಯೂ ನಿರ್ಧರಿಸಲು ರಾಜ್ಯಗಳಿಗೇ ಬಿಟ್ಟಿತು.

ಆ ಕೆಲವು ತಿಂಗಳಲ್ಲಿ ಆದದ್ದೇನು? ಹೆದ್ದಾರಿ ಬಿಟ್ಟ ಅಂಗಡಿ ಗಾಳಿಯಲ್ಲಿ ಕರಗುವುದಿಲ್ಲ. ಅದು ಒಳಗಿನ ಬಡಾವಣೆಗೆ, ಹಳ್ಳಿಯ ಅಂಚಿಗೆ ಬರುತ್ತದೆ. ರಾಜ್ಯದ ಅನೇಕ ಕಡೆ ಆ ಜುಲೈನಲ್ಲಿ ಹೆಣ್ಣುಮಕ್ಕಳು ಬೀದಿಗಿಳಿದರು. ಹೆದ್ದಾರಿಯ ಪ್ರಯಾಣಿಕನ ಜೀವದ ಬಗ್ಗೆ ನ್ಯಾಯಾಲಯ ಯೋಚಿಸಿತು, ಅದು ಸರಿಯೇ. ಅಂಗಡಿ ಹೋಗಿ ಸೇರುವ ಓಣಿಯವರನ್ನು ಕೇಳುವ ವ್ಯವಸ್ಥೆ ಮಾತ್ರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ತಾವು ಗಮನಿಸಬೇಕು. 1990ರ ದಶಕದ ಆರಂಭದಿಂದ ಸರ್ಕಾರ ಹೊಸ ಸಿಎಲ್-2, ಸಿಎಲ್-9 ಸನ್ನದು ಕೊಡುವುದನ್ನು ನಿಲ್ಲಿಸಿತ್ತು. ಕೇಳಿದವರು “ಹೊಸದು ಕೊಡೋದೇ ಇಲ್ವಲ್ಲ, ಇನ್ನೇನು ತಕರಾರು?” ಎಂದಾರು. ಆದರೆ ಹಳೆಯ ಸನ್ನದು ಕೈಯಿಂದ ಕೈಗೆ ಹೋಗುತ್ತದೆ, ಜಾಗದಿಂದ ಜಾಗಕ್ಕೆ ಹೋಗುತ್ತದೆ. ಕಾಗದದ ಮೇಲೆ ಅದು ಹಳೆಯ ಅಂಗಡಿಯ ಸ್ಥಳಾಂತರ. ಅದು ಬಂದು ಕೂತ ಬಡಾವಣೆಯವರಿಗೆ ಹೊಸ ಅಂಗಡಿಯೇ. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಸ್ಥಳಾಂತರದ ಜಗಳಗಳು. 2025-26ರ ಬಜೆಟ್ಟು, ಹಂಚದೆ ಉಳಿದ ಸನ್ನದುಗಳನ್ನು ಇ-ಹರಾಜಿನಲ್ಲಿ ಕೊಡುವುದಾಗಿ ಹೇಳಿತು. ಹರಾಜು ಪಾರದರ್ಶಕ, ನಿಜ. ಹೆಚ್ಚು ದುಡ್ಡು ಯಾರು ಕೊಡುತ್ತಾರೆ ಎಂಬುದು ಪಾರದರ್ಶಕವಾಗುತ್ತದೆ. ಎಲ್ಲಿ ಬೇಡ ಎಂಬ ಪ್ರಶ್ನೆಗೆ ಹರಾಜಿನ ಪರದೆಯಲ್ಲಿ ಖಾನೆಯಿಲ್ಲ.

ಆಟ-ಮನರಂಜನೆಯ ಜಾಗಗಳ ಕಡೆ ಬರೋಣ, ಏಕೆಂದರೆ ಹೋಲಿಸಿ ನೋಡಿದಾಗ ಗಂಟು ಕಾಣುತ್ತದೆ. ಟಾಕೀಸಿಗೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಿದೆ. ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿ. ಅದಕ್ಕೂ ಮೊದಲು, ನಾವು ಮುಂಬೈ ರಾಜ್ಯದಲ್ಲಿದ್ದಾಗ, 1954ರ ಮುಂಬೈ ಸಿನಿಮಾ ನಿಯಮಗಳಿದ್ದವು. ಅವುಗಳ ಪ್ರಕಾರ ಟಾಕೀಸು ಕಟ್ಟಬೇಕೆನ್ನುವವನು ಆ ಜಾಗದಲ್ಲೇ ಫಲಕ ನೆಡಬೇಕು, ಪತ್ರಿಕೆಯಲ್ಲಿ ಪ್ರಕಟಿಸಬೇಕು, ಜನರ ತಕರಾರು ಬಂದರೆ ಅಧಿಕಾರಿ ಅದನ್ನು ನೋಡಬೇಕು. 1976ರಲ್ಲಿ ಗುಜರಾತಿನ ಟಾಕೀಸಿನವರಿಬ್ಬರ ಜಗಳ ಸುಪ್ರೀಂ ಕೋರ್ಟಿಗೆ ಹೋದಾಗ, ಎದುರಾಳಿ ಟಾಕೀಸಿನವನ ಲಾಭನಷ್ಟ ತಕರಾರಿನ ಆಧಾರವಾಗದು ಎಂದಿತು ನ್ಯಾಯಾಲಯ. ಅದೇ ತೀರ್ಪಿನಲ್ಲಿ, ಆ ಜಾಗದಿಂದ 200 ಗಜದೊಳಗೆ ವಾಸಿಸುವವರು, ಅಲ್ಲಿನ ಶಾಲೆ, ಗುಡಿ, ಮಸೀದಿಗೆ ಸಂಬಂಧಪಟ್ಟವರು ತಕರಾರು ಹೇಳಬಲ್ಲವರೆಂಬ ಮಾತೂ ಇದೆ. ರಾಜಕುಮಾರರ ಸಿನಿಮಾ ತೋರಿಸುವ ಟಾಕೀಸಿಗೆ ಊರನ್ನು ಕೇಳಬೇಕು ಎಂದು ಎಪ್ಪತ್ತು ವರ್ಷದ ಹಿಂದೆಯೇ ನಿಯಮ ಬರೆದವರಿಗೆ ಹೊಳೆದಿತ್ತು. ಬಾರಿನ ವಿಷಯದಲ್ಲಿ ಮಾತ್ರ ಅದು ಹೊಳೆಯದೇ ಉಳಿಯಿತು.

ನಾಟಕ ಕಂಪನಿಯ ಕಥೆ ಇನ್ನೂ ನೋಯಿಸುವಂಥದ್ದು. ಜಾತ್ರೆಗೆ ಬಂದು ತಗಡಿನ ಥೇಟರು ಹಾಕುವ ಕಂಪನಿಯ ಮಾಲೀಕ ಪೊಲೀಸರ ಅನುಮತಿ, ಹೆಸ್ಕಾಂ ಸಂಪರ್ಕ, ಅಗ್ನಿಶಾಮಕ, ಮೈದಾನದ ಬಾಡಿಗೆ, ನಗರಸಭೆಯ ರಸೀದಿ ಎಂದು ಅಲೆಯುತ್ತಾನೆ. 1964ರ ನಾಟಕ ಪ್ರದರ್ಶನ ಕಾಯ್ದೆಯೂ ಅವನ ತಲೆಮೇಲಿದೆ. ಎರಡು ತಿಂಗಳ ಕ್ಯಾಂಪಿಗೆ ಇಷ್ಟು. ದೀಪಾವಳಿ ಕಳೆದ ಮೇಲೆ ನಮ್ಮ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ನಡೆಯುವ ಹೋರಿ ಬೆದರಿಸುವ ಆಟವನ್ನೇ ತೆಗೆದುಕೊಳ್ಳಿ. ಕೊಬ್ಬರಿ ಕಟ್ಟಿಸಿಕೊಂಡು, ಜೂಲ ಹೊದ್ದು ಹೋರಿ ಓಡುತ್ತದೆ. ಕಂಬಳ, ಹೋರಿಗಳ ಓಟಕ್ಕಾಗಿ 2017ರಲ್ಲಿ ರಾಜ್ಯ ಸರ್ಕಾರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಜಲ್ಲಿಕಟ್ಟು, ಕಂಬಳಗಳ ಜೊತೆಗೆ ಇಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಜನ ಸಾಯುವ ಆಟ ಅದು, ಷರತ್ತು ಬೇಕೇಬೇಕು. ಅಧಿಕಾರಿಗಳು ಆಯೋಜಕರನ್ನು ಕೂರಿಸಿಕೊಂಡು ಬೇಲಿ ಎಲ್ಲಿ, ಆಂಬುಲೆನ್ಸ್ ಎಲ್ಲಿ, ನೋಡುವವರು ನಿಲ್ಲುವುದೆಲ್ಲಿ ಎಂದು ಮಾತಾಡುತ್ತಾರೆ. ಅರ್ಧ ದಿನದ ಆಟಕ್ಕೆ ಕೂತು ಮಾತಾಡುವವರು, ಮೂವತ್ತು ವರ್ಷ ಇರುವ ಬಾರಿಗೆ ಯಾಕೆ ಕೂರುವುದಿಲ್ಲ?

ಹೋಳಿ ಹುಣ್ಣಿಮೆಯಲ್ಲಿ ರಾಣೇಬೆನ್ನೂರಿನಲ್ಲಿ ಜೀವಂತ ರತಿ-ಕಾಮರನ್ನು ಕೂರಿಸುತ್ತಾರೆ. ಅವರನ್ನು ನಗಿಸಲು ಸುತ್ತಲಿನ ಹಳ್ಳಿಗಳೆಲ್ಲ ಬಂದು ಸೇರುತ್ತವೆ. ಹೋಳಿ, ಗಣಪತಿ ವಿಸರ್ಜನೆ ಮುಂತಾದ ಹೊತ್ತಿನಲ್ಲಿ ಶಾಂತಿಸಭೆ ನಡೆಯುತ್ತದೆ, ಅಗತ್ಯ ಕಂಡಾಗ ಜಿಲ್ಲಾಧಿಕಾರಿಗಳು ಮದ್ಯದಂಗಡಿ ಮುಚ್ಚಲು ಆದೇಶಿಸುತ್ತಾರೆ. ಸಾರ್ವಜನಿಕ ಶಾಂತಿಗಾಗಿ ಮುಚ್ಚಿಸುವ ಅಧಿಕಾರ ಅಬಕಾರಿ ಕಾಯ್ದೆಯಲ್ಲೇ ಇದೆ. ಅಂದರೆ ಅಂಗಡಿಗೂ ಊರಿನ ನೆಮ್ಮದಿಗೂ ಸಂಬಂಧವಿದೆ ಎಂದು ಸರ್ಕಾರವೇ ವರ್ಷದಲ್ಲಿ ಕೆಲವು ದಿನ ಒಪ್ಪಿಕೊಳ್ಳುತ್ತದೆ. ಉಳಿದ ದಿನಗಳಲ್ಲಿ ಆ ಸಂಬಂಧ ಕಡಿದುಹೋಗುವುದೇನು?

ಬ್ಯಾಡಗಿಯ ಸೋಮವಾರ, ಗುರುವಾರಗಳನ್ನು ನೆನೆಯಿರಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟುತ್ತವೆ. ಬಳ್ಳಾರಿ, ರಾಯಚೂರು, ಆಂಧ್ರದಿಂದ ಬಂದ ರೈತ ಟೆಂಡರು ಆಗುವವರೆಗೆ ಚೀಲದ ಮೇಲೆಯೇ ಮಲಗಿರುತ್ತಾನೆ. ದರ ಬಂದರೆ ಅವನ ಕೈಯಲ್ಲಿ ದುಡ್ಡು, ಬರದಿದ್ದರೆ ಎದೆಯಲ್ಲಿ ಬೆಂಕಿ. 2024ರ ಮಾರ್ಚ್ 11ರಂದು ದರ ಕುಸಿದಾಗ ಎಪಿಎಂಸಿ ಕಚೇರಿಗೆ ಬೆಂಕಿ ಬಿದ್ದದ್ದನ್ನು ನಾವು ಕಂಡಿದ್ದೇವೆ. ಆ ಬೆಂಕಿಗೂ ಬಾರಿಗೂ ನಾನು ಗಂಟು ಹಾಕುತ್ತಿಲ್ಲ, ಅದು ರೈತನ ಸಂಕಟದ ಬೆಂಕಿ. ನಾನು ಹೇಳುವುದು ಇಷ್ಟು: ಹಮಾಲರು, ಹೊರಗಿನ ರೈತರು, ಲಾರಿ ಡ್ರೈವರುಗಳು ಸೇರುವ ಇಂಥ ಊರಿಗೆ ತನ್ನದೇ ಲೆಕ್ಕಾಚಾರ ಇರುತ್ತದೆ. ಪೇಟೆಯ ದಿನ ಯಾವ ರಸ್ತೆಯಲ್ಲಿ ಗದ್ದಲ, ಯಾವ ಗಲ್ಲಿಯಲ್ಲಿ ರಾತ್ರಿ ದೀಪವಿಲ್ಲ ಎಂಬುದು ಪುರಸಭೆಯ ಸದಸ್ಯನಿಗೆ ಗೊತ್ತು. ಬೆಂಗಳೂರಿನ ಕಡತಕ್ಕೆ ಗೊತ್ತಿಲ್ಲ. ರಾಣೇಬೆನ್ನೂರಿನ ಜನಸಂಖ್ಯೆ 2011ರಲ್ಲೇ ಲಕ್ಷ ದಾಟಿತ್ತು; ಬ್ಯಾಡಗಿ ಸುಮಾರು 30 ಸಾವಿರದ ಊರು. ಎರಡಕ್ಕೂ ಒಂದೇ ನೂರು ಮೀಟರಿನ ಟೇಪು.

ಬೇರೆ ಕಡೆ ಹೇಗಿದೆ? ಇಂಗ್ಲೆಂಡಿನಲ್ಲಿ 2003ರ ಲೈಸೆನ್ಸಿಂಗ್ ಕಾಯ್ದೆಯ ನಂತರ ಮದ್ಯ ಮತ್ತು ಮನರಂಜನೆಯ ಜಾಗಗಳ ಪರವಾನಗಿ ಸ್ಥಳೀಯ ಕೌನ್ಸಿಲುಗಳ ಕೈಗೆ ಬಂತು. ಅರ್ಜಿ ಹಾಕಿದವನು ಆ ಕಟ್ಟಡದ ಮೇಲೆ ತಿಳಿನೀಲಿ ಕಾಗದದಲ್ಲಿ 28 ದಿನ ನೋಟೀಸು ಅಂಟಿಸಬೇಕು, ಸ್ಥಳೀಯ ಪತ್ರಿಕೆಯಲ್ಲಿ ಹಾಕಿಸಬೇಕು. ತಕರಾರು ಬಂದರೆ ಕೌನ್ಸಿಲಿನ ಸಮಿತಿ ಕೂತು ಎರಡೂ ಕಡೆಯವರನ್ನು ಕೇಳುತ್ತದೆ. ಅಪರಾಧ ತಡೆ, ಜನರ ಸುರಕ್ಷತೆ, ನೆರೆಹೊರೆಗೆ ಉಪದ್ರವ ಆಗದಿರುವುದು, ಮಕ್ಕಳ ರಕ್ಷಣೆ, ಈ ನಾಲ್ಕರ ಆಧಾರದ ಮೇಲೆಯೇ ತೀರ್ಮಾನ. ಯಾರೂ ತಕರಾರು ಎತ್ತದಿದ್ದರೆ ಕೌನ್ಸಿಲ್ ಪರವಾನಗಿ ಕೊಡಲೇಬೇಕು. ಕೊಟ್ಟ ಮೇಲೆ ಉಪದ್ರವವಾದರೆ ಮರುಪರಿಶೀಲನೆ ಕೇಳಬಹುದು. ಅಲ್ಲಿನ ಕುಡಿತದ ಸಂಸ್ಕೃತಿ ಬೇರೆ, ಅದನ್ನು ತರಬೇಕಿಲ್ಲ. ಆ ನೀಲಿ ಕಾಗದ ಮಾತ್ರ ನನಗೆ ಬೇಕು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ‘ನಿಂತ ಬಾಟಲಿ, ಮಲಗಿದ ಬಾಟಲಿ’ ಎಂಬ ಮತದಾನವಿದೆ. ಊರಿನ ಅಥವಾ ವಾರ್ಡಿನ ಮಹಿಳೆಯರು ಬೇಡಿಕೆ ಸಲ್ಲಿಸಿದರೆ ಗುಪ್ತ ಮತದಾನ ನಡೆಯುತ್ತದೆ. ಒಟ್ಟು ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಲಗಿದ ಬಾಟಲಿಗೆ ಮತ ಹಾಕಿದರೆ ಅಂಗಡಿ ಮುಚ್ಚುತ್ತದೆ. ರಾಜಸ್ಥಾನದಲ್ಲಿ 1975ರಿಂದಲೇ ಇಂಥ ನಿಯಮವಿದ್ದು, 2016ರಲ್ಲಿ ರಾಜಸಮಂದ್ ಜಿಲ್ಲೆಯ ಕಾಛಬಲಿ ಎಂಬ ಪಂಚಾಯಿತಿ ಮತ ಹಾಕಿ ಅಂಗಡಿ ಮುಚ್ಚಿಸಿತು. ನಮ್ಮಲ್ಲಿ 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಇದೇ ಹೆದ್ದಾರಿಯಲ್ಲಿ ನಡೆದು ಹೋದರು. ದಾರಿಯಲ್ಲಿ ಒಬ್ಬ ತಾಯಿ ಪ್ರಾಣ ಬಿಟ್ಟರು. ಗ್ರಾಮಸಭೆ ಬೇಡ ಎಂದರೆ ಅಂಗಡಿ ಬರಕೂಡದು ಎಂಬುದು ಆ ಚಳವಳಿಯ ಬೇಡಿಕೆಗಳಲ್ಲಿ ಒಂದು. ಅದಕ್ಕೆ ಇಂದಿಗೂ ಕಾನೂನಿನ ಉತ್ತರ ಸಿಕ್ಕಿಲ್ಲ. 2023ರಲ್ಲಿ ದೊಡ್ಡ ಗ್ರಾಮ ಪಂಚಾಯಿತಿಗಳಲ್ಲಿ ಹೊಸ ಅಂಗಡಿ ತೆರೆಯುವ ಪ್ರಸ್ತಾಪ ಬಂದು, ವಿರೋಧ ಎದ್ದ ಮೇಲೆ ಸರ್ಕಾರ ಹಿಂದೆ ಸರಿಯಿತು. ಕೇಳದೆ ಮುಂದಿಟ್ಟ ಹೆಜ್ಜೆಯನ್ನು ಕೂಗಾಡಿದ ಮೇಲೆ ಹಿಂದಿಡುವುದು ಆಡಳಿತದ ಪದ್ಧತಿಯಾಗಬಾರದು.

ನಗರಸಭೆಗೆ ಅಧಿಕಾರ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿಲ್ಲ. ಸದಸ್ಯರ ಚುನಾವಣೆಗೆ ಬಾರಿನ ದುಡ್ಡು ಬರುವುದಿಲ್ಲ ಎಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ. ಅಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಿನಲ್ಲಿ ನಿಂತು, ಗೆದ್ದ ಸದಸ್ಯರು ತಿಂಗಳುಗಟ್ಟಲೆ ಸುಮ್ಮನೆ ಕೂತ ಕಾಲವನ್ನೂ ನೋಡಿದ್ದೇವೆ. ವಾರ್ಡ್ ಸಮಿತಿ ಇರಲೇಬೇಕೆಂದು ಸಂವಿಧಾನ ಹೇಳುವುದು ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಊರುಗಳು ಅದಕ್ಕೆ ದೂರ. ಇದೆಲ್ಲಕ್ಕಿಂತ ಕೆಟ್ಟದ್ದು ಹಳ್ಳಿಯ ಕಿರಾಣಿ, ಪಾನ್‌ಶಾಪುಗಳಲ್ಲಿ ಸನ್ನದೇ ಇಲ್ಲದೆ ಮಾರುವ ಪಾಕೀಟುಗಳು. ಯಾವ ಠರಾವಿಗೂ, ಯಾವ ಟೇಪಿಗೂ ಅವು ಸಿಗುವುದಿಲ್ಲ. ಆದರೂ ಸನ್ನದಿನ ಅಂಗಡಿಯನ್ನು ಊರು ಕೂತು ತೀರ್ಮಾನಿಸುವ ರೂಢಿ ಬಂದರೆ, ಸನ್ನದಿಲ್ಲದ ಅಂಗಡಿಯ ಮೇಲೆ ಕಣ್ಣಿಡುವ ರೂಢಿಯೂ ಅದರ ಹಿಂದೆಯೇ ಬರುತ್ತದೆಂದು ನನ್ನ ಅನುಭವ ಹೇಳುತ್ತದೆ. ತಕರಾರು ಹೇಳಲು ಒಮ್ಮೆ ಕಲಿತ ಓಣಿ ಸುಮ್ಮನಿರುವುದಿಲ್ಲ.

ನಾನು ಕೇಳುವುದು ಪಾನನಿಷೇಧವನ್ನಲ್ಲ. ಹೊಸ ಸನ್ನದಿರಲಿ, ಸ್ಥಳಾಂತರವಿರಲಿ, ಎಂಎಸ್‌ಐಎಲ್ ಮಳಿಗೆಯಿರಲಿ, ಆ ಕಟ್ಟಡದ ಮೇಲೆ ಕನ್ನಡದಲ್ಲಿ ಬರೆದ ನೋಟೀಸು ಒಂದು ತಿಂಗಳು ಇರಬೇಕು. ನಗರಸಭೆ, ಪುರಸಭೆ, ಗ್ರಾಮಸಭೆ ಅದರ ಬಗ್ಗೆ ಠರಾವು ಮಾಡಲೇಬೇಕು. ಠರಾವಿಗೆ ವಿರುದ್ಧವಾಗಿ ಸನ್ನದು ಕೊಡುವುದಾದರೆ ಜಿಲ್ಲಾಧಿಕಾರಿಗಳು ಕಾರಣ ಬರೆದು ಕೊಡಬೇಕು. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ. ಅಬಕಾರಿ ನಿಯಮಗಳ ತಿದ್ದುಪಡಿ ಸಾಕು.

ಅದು ಬರುವ ತನಕ ನಮ್ಮ ಕೈಯಲ್ಲಿರುವ ಕೆಲಸ ಮಾಡೋಣ. ಠರಾವು ಮಾಡಬೇಡಿ ಎಂದು ಯಾವ ಕಾಯ್ದೆಯೂ ನಗರಸಭೆಗೆ ಹೇಳಿಲ್ಲ. ಮಾಹಿತಿ ಹಕ್ಕಿನಡಿ ಅಂಗಡಿಯ ನಕಾಶೆ, ಅಳತೆಯ ವರದಿ ಎರಡನ್ನೂ ಕೇಳಿ ಪಡೆಯಬಹುದು. ಅಳತೆ ತಪ್ಪಿದ್ದರೆ ಅಬಕಾರಿ ಆಯುಕ್ತರಿಗೆ ಮೇಲ್ಮನವಿ, ಅಲ್ಲಿಂದ ಮೇಲ್ಮನವಿ ನ್ಯಾಯಮಂಡಳಿ, ಆಮೇಲೆ ಧಾರವಾಡದ ಹೈಕೋರ್ಟ್ ಪೀಠ ಇದೆ. ಅಂಗಡಿ ತೆರೆದ ಮೇಲೆ ಬರಬೇಡಿ ತಾಯಂದಿರೆ, ಗೋಡೆ ಏಳುವಾಗಲೇ ಬನ್ನಿ. ಸನ್ನದುಗಳ ವರ್ಷ ಜುಲೈ 1ರಿಂದ ಶುರುವಾಗುತ್ತದೆ, ನವೀಕರಣದ ಕಾಗದಗಳು ಅದಕ್ಕೂ ಮೊದಲೇ ಓಡಾಡುತ್ತವೆ. ಹಾವೇರಿ, ರಾಣೇಬೆನ್ನೂರು ನಗರಸಭೆಗಳ ಮತ್ತು ಬ್ಯಾಡಗಿ ಪುರಸಭೆಯ ಸದಸ್ಯರು ಈ ಸಭೆಯಲ್ಲಿದ್ದರೆ ಅವರಲ್ಲಿ ನನ್ನ ಕೋರಿಕೆ ಒಂದೇ: ಈ ಏಪ್ರಿಲ್ ತಿಂಗಳ ಸಾಮಾನ್ಯ ಸಭೆಯ ಅಜೆಂಡಾದಲ್ಲಿ ನಿಮ್ಮ ವಾರ್ಡಿನ ಮದ್ಯದಂಗಡಿಗಳ ವಿಷಯ ಸೇರಿಸಿ, ಜನರನ್ನು ಕರೆದು ಕೇಳಿ, ಠರಾವು ಬರೆದು ಜಿಲ್ಲಾಧಿಕಾರಿಗಳಿಗೆ ಕಳಿಸಿ.